ಬಸ್ಸು ಓಡಲಿ, ಬೋರ್ಡು ನಿಲ್ಲಲಿ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವವರು ‘ಸಿರುಗುಪ್ಪ’ ಎಂದು ಬರೆದ ಬಸ್ಸನ್ನೇ ಕಾಯಬೇಕಾಗಿಲ್ಲ. ಸಿಂಧನೂರು, ಲಿಂಗಸುಗೂರು ಕಡೆಯ ಬಸ್ಸುಗಳೂ ತೆಕ್ಕಲಕೋಟೆ, ಸಿರುಗುಪ್ಪ ದಾಟಿಕೊಂಡೇ ಹೋಗುತ್ತವೆ. ಕುರುಗೋಡಿನವರಿಗೆ ಅವರ ಊರಿನ ಮೇಲೆ ಹಾದು ಕಂಪ್ಲಿ, ಗಂಗಾವತಿಗೆ ಹೋಗುವ ಬಸ್ಸೂ ಆಗುತ್ತದೆ. ದಿನಾ ಓಡಾಡುವವರಿಗೆ ಇದು ಬಾಯಿಪಾಠ. ಆದರೆ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ತೋರಿಸಿಕೊಂಡು ಕತ್ತಲಾಗುವ ಹೊತ್ತಿಗೆ ನಿಲ್ದಾಣಕ್ಕೆ ಬಂದ ಹಳ್ಳಿಯ ಮುದುಕಿಗೆ, ಕಾಲೇಜಿಗೆ ಸೇರಲು ಮೊದಲ ಸಲ ಬಂದ ಹುಡುಗನಿಗೆ ಬಸ್ಸಿನ ಹಣೆಯ ಮೇಲಿನ ಬೋರ್ಡು ಇದನ್ನು ಹೇಳಬೇಕು. ಅದು ಹೇಳದಿದ್ದಾಗ ಅವರು ಒಂದೊಂದೇ ಬಾಗಿಲ ಬಳಿ ಹೋಗಿ, ‘ಯಣ್ಣಾ, ಸಿರುಗುಪ್ಪಕ್ಕ ಹೋಗ್ತೈತೇನು?’ ಎಂದು ಕೇಳುತ್ತಾರೆ.

ಕೇಳಿ ಹತ್ತಿದರೆ ಏನು ತಪ್ಪು ಎಂಬ ವಾದವಿದೆ. ಕಿವಿ ಕೇಳದವರು, ಮಾತು ಬಾರದವರು ಹೇಗೆ ಕೇಳಬೇಕು? ಬಳ್ಳಾರಿಯ ರಾಯಲ್ ವೃತ್ತದ ಗದ್ದಲದಲ್ಲಿ ಎಂಜಿನ್ ಸದ್ದನ್ನು ಮೀರಿ ಯಾರಾದರೂ ಎಷ್ಟು ಕೂಗಬೇಕು? 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹತ್ತುವ ಹೆಂಗಸರ ಸಂಖ್ಯೆ ಏರಿದೆ, ಕಂಡಕ್ಟರ್ ಕೈಗೆ ಪುರುಸೊತ್ತಿಲ್ಲ. ಬೋರ್ಡು ಮಾಡಬೇಕಾದ ಕೆಲಸವನ್ನು ಅವರ ಗಂಟಲಿಗೆ ಹೊರಿಸುವುದು ಅನ್ಯಾಯ.

ಬೋರ್ಡು ವಿದ್ಯುನ್ಮಾನವಾಗಿಬಿಟ್ಟರೆ ಈ ತೊಂದರೆ ತಾನಾಗಿ ತೀರುತ್ತದೆ ಎಂದು ಅಧಿಕಾರಿಗಳೂ ಬಸ್ ತಯಾರಕರೂ ನಂಬಿದಂತಿದೆ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2013ರಲ್ಲಿ ಪರಿಷ್ಕರಿಸಿದ ನಗರ ಬಸ್ ಮಾನದಂಡಗಳು ಬಸ್ಸಿನ ಮುಂದೆ, ಪಕ್ಕದಲ್ಲಿ, ಹಿಂದೆ ಮತ್ತು ಒಳಗೆ ಎಲ್‌ಇಡಿ ಫಲಕ ಇರಬೇಕೆಂದು ಹೇಳುತ್ತವೆ. ಫಲಕ ಇರಬೇಕೆಂಬುದು ಸರಿ. ಅದರ ಮೇಲೆ ಕನ್ನಡ ಹೇಗೆ ಕೂರಬೇಕು ಎಂಬುದನ್ನು ಯಾರೂ ಮನಸ್ಸಿಟ್ಟು ಯೋಚಿಸಿದಂತಿಲ್ಲ. ಕೆಲಸ ಕೆಡುವುದು ಅಲ್ಲೇ.

ಎಲ್‌ಇಡಿ ಫಲಕವೆಂದರೆ ದೀಪದ ಚುಕ್ಕಿಗಳ ಸಾಲು. ಸಾಮಾನ್ಯ ಫಲಕವೊಂದರಲ್ಲಿ ಮೇಲಿಂದ ಕೆಳಗೆ 16 ಸಾಲುಗಳಿವೆ ಎಂದುಕೊಳ್ಳೋಣ. ಇಂಗ್ಲಿಷಿನ ದೊಡ್ಡಕ್ಷರಗಳು ಆ 16 ಸಾಲನ್ನೂ ತುಂಬಿಕೊಂಡು ನಿಲ್ಲುತ್ತವೆ. ‘ಸಿರುಗುಪ್ಪ’ ಹಾಗೆ ನಿಲ್ಲಲಾರದು. ‘ಸಿ’ಯ ಗುಡಿಸಿಗೆ ಮೇಲೆ ಜಾಗ ಬೇಕು, ‘ಪ್ಪ’ದ ಒತ್ತಿಗೆ ಕೆಳಗೆ ಜಾಗ ಬೇಕು, ನಡುವೆ ಮೂಲ ಅಕ್ಷರಕ್ಕೆ ಉಳಿಯುವುದು ಒಂಬತ್ತೋ ಹತ್ತೋ ಸಾಲು. ಬಳ್ಳಾರಿ, ತೆಕ್ಕಲಕೋಟೆ, ಕಂಪ್ಲಿ, ಮಂತ್ರಾಲಯ, ಎಲ್ಲಕ್ಕೂ ಒತ್ತಕ್ಷರವಿದೆ. ಈ ಭಾಗದಲ್ಲಿ ಒತ್ತಿಲ್ಲದ ಕುರುಗೋಡು, ಗಂಗಾವತಿಯಂಥ ಹೆಸರುಗಳೂ ಇವೆ, ಆದರೆ ಒತ್ತಿರುವವೂ ಕಡಿಮೆಯಿಲ್ಲ. ಚುಕ್ಕಿ ಕಡಿಮೆಯಾದಷ್ಟೂ ‘ಪ’ ಮತ್ತು ‘ವ’, ‘ದ’ ಮತ್ತು ‘ಧ’ ಒಂದೇ ಥರ ಕಾಣುತ್ತವೆ. ಫಲಕ ನಡೆಸುವ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬಾರದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕಕ್ಕೆ ಬಂದು ಕೂರುತ್ತದೆ, ಹೆಸರು ಮುರಿದು ಬೀಳುತ್ತದೆ. ಬಳ್ಳಾರಿಯ ಬೇಸಿಗೆ ಬಿಸಿಲು 40 ಡಿಗ್ರಿ ದಾಟಿದಾಗ ಧೂಳು ಮೆತ್ತಿದ ಗಾಜಿನ ಹಿಂದೆ ಮಂಕಾಗಿ ಉರಿಯುವ ಆ ಅರೆಬರೆ ಅಕ್ಷರವನ್ನು ಓದುವ ಕಣ್ಣು ಯಾರಿಗಿದೆ?

ಇನ್ನು ಓಡುವ ಅಕ್ಷರಗಳ ಹಾವಳಿ. ಜಾಗ ಸಾಲದೆಂದು ಹೆಸರನ್ನು ಬಲದಿಂದ ಎಡಕ್ಕೆ ಹರಿಸುತ್ತಾರೆ. ಕನ್ನಡ ಮುಗಿದ ಮೇಲೆ ಇಂಗ್ಲಿಷ್, ಆಮೇಲೆ ಮಾರ್ಗ, ಆಮೇಲೆ ಸಂಸ್ಥೆಯ ಹೆಸರು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ಬಸ್ಸು ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. 50 ಮೀಟರ್ ದೂರದಲ್ಲಿ ಅದನ್ನು ಕಂಡವರಿಗೆ ಓದಿ, ಕೈ ಅಡ್ಡ ಹಾಕಲು ಸಿಗುವುದು ಆರು ಸೆಕೆಂಡು. ಅಷ್ಟರಲ್ಲಿ ಬೋರ್ಡಿನ ಮೇಲೆ ಇಂಗ್ಲಿಷ್ ಓಡುತ್ತಿದ್ದರೆ ಕನ್ನಡ ಮಾತ್ರ ಬಲ್ಲವರ ಬಸ್ಸು ತಪ್ಪಿಹೋಯಿತು. ತಗಡಿನ ಮೇಲೆ ಬಣ್ಣದಲ್ಲಿ ಬರೆದ ಹಳೆಯ ಬೋರ್ಡು ಈ ಮೋಸ ಮಾಡುತ್ತಿರಲಿಲ್ಲ, ಯಾವಾಗ ನೋಡಿದರೂ ಒಂದೇ ಮಾತು ಹೇಳುತ್ತಿತ್ತು. ಲಂಡನ್ ನಗರ ಎಲ್‌ಇಡಿ ಬಂದ ಮೇಲೂ ಬಹುಕಾಲ ಅಚ್ಚು ಹಾಕಿದ ಸುರುಳಿ ಫಲಕಗಳನ್ನೇ ಉಳಿಸಿಕೊಂಡಿತ್ತು. ಬಳ್ಳಾರಿಯಲ್ಲೂ ಹೊಸ ಫಲಕ ಕೆಟ್ಟ ದಿನಕ್ಕೆಂದು ತಗಡಿನ ಬೋರ್ಡು ಚಾಲಕನ ಪಕ್ಕದಲ್ಲಿರಲೇಬೇಕು.

ಇಂಥ ಹೊತ್ತಿನಲ್ಲಿ ಬೋರ್ಡಿನ ಚರ್ಚೆಯೆಲ್ಲ ಶೇಕಡಾವಾರು ಲೆಕ್ಕಕ್ಕೆ ಸಿಕ್ಕಿಕೊಂಡಿದೆ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಗಳಿಗಾಗಿ ದೊಡ್ಡ ಹೋರಾಟ ನಡೆಯಿತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿಯಾಗಿ, ಅಂಗಡಿ-ಮುಂಗಟ್ಟುಗಳ ಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾಯಿತು. ಆ ಹೋರಾಟ ನ್ಯಾಯವಾದದ್ದು. ಆದರೆ ಅದೇ ಅಳತೆಗೋಲನ್ನು ಬಸ್ಸಿನ ಫಲಕಕ್ಕೆ ಹಿಡಿದರೆ ಕನ್ನಡಕ್ಕೇ ನಷ್ಟ. ಸಮಾನ ಜಾಗ ಕೊಟ್ಟರೂ ಒತ್ತಕ್ಷರದ ಕನ್ನಡ ಇಂಗ್ಲಿಷಿಗಿಂತ ಸಣ್ಣದಾಗಿ ಕಾಣುತ್ತದೆಂದು ಮೇಲಿನ ಲೆಕ್ಕವೇ ಹೇಳುತ್ತದೆ. ಕೇಳಬೇಕಾದ್ದು ಇಷ್ಟು: ಮುಂದಿನ ಫಲಕದಲ್ಲಿ ಊರಿನ ಹೆಸರು ಕನ್ನಡದಲ್ಲಿ, ಕದಲದೆ, ಪೂರ್ತಿ ಎತ್ತರದಲ್ಲಿ ಸದಾ ನಿಂತಿರಬೇಕು. ಬದಲಾಗುವುದೇನಿದ್ದರೂ ಅದರ ಕೆಳಗಿನ ಸಣ್ಣ ಸಾಲಿನಲ್ಲಿ ಬದಲಾಗಲಿ.

ಬೋರ್ಡಿನ ಮೇಲೆ ತೆಲುಗಿನ ಪ್ರಶ್ನೆ ಬಂದಾಗ ಇಲ್ಲಿನವರ ರಕ್ತ ಬಿಸಿಯಾಗುವುದು ಸಹಜ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು; ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ವಿಲೀನದ ಹೊತ್ತಿನಲ್ಲಿ ಪ್ರಾಣ ತೆತ್ತ ರಂಜಾನ್ ಸಾಬ್ ಅವರ ಊರಿದು. ಹಾಗಿದ್ದೂ ಆದೋನಿ, ಗುಂತಕಲ್ ಕಡೆಗೆ ಗಡಿ ದಾಟುವ ಬಸ್ಸುಗಳ ಪಕ್ಕದ ಫಲಕದಲ್ಲಿ ತೆಲುಗು ಇದ್ದರೆ ಕನ್ನಡಕ್ಕೆ ಕುಂದಿಲ್ಲ. ಆ ಕಡೆಯ ಆಂಧ್ರದ ಬಸ್ಸುಗಳು ಬಳ್ಳಾರಿ ನಿಲ್ದಾಣಕ್ಕೆ ಬರುವಾಗ ಕನ್ನಡ ಇರಬೇಕೆಂದು ಕೇಳುವ ಹಕ್ಕೂ ಆಗ ಗಟ್ಟಿಯಾಗುತ್ತದೆ.

ಗಡಿಯಲ್ಲಿ ಹೆಸರೊಂದೇ ಸಾಲದು ಎಂಬುದಕ್ಕೆ ಎಮ್ಮಿಗನೂರು ಸಾಕ್ಷಿ. ಕುರುಗೋಡಿನಿಂದ ಕಂಪ್ಲಿಗೆ ಹೋಗುವ ದಾರಿಯಲ್ಲೊಂದು ಎಮ್ಮಿಗನೂರಿದೆ. ಆದೋನಿಯ ಆಚೆ, ಕರ್ನೂಲು ಜಿಲ್ಲೆಯಲ್ಲಿ ಇನ್ನೊಂದು. ಒಂದು ಬಳ್ಳಾರಿಯ ವಾಯವ್ಯಕ್ಕೆ, ಮತ್ತೊಂದು ಈಶಾನ್ಯಕ್ಕೆ. ‘ಕುರುಗೋಡು ಮಾರ್ಗ’ ಅಥವಾ ‘ಆದೋನಿ ಮಾರ್ಗ’ ಎಂಬ ಎರಡು ಪದ ಇಲ್ಲದೆ ಬರಿಯ ಹೆಸರು ಹೊತ್ತ ಬೋರ್ಡು ಜನರನ್ನು ಬೇರೆ ರಾಜ್ಯಕ್ಕೆ ಒಯ್ದೀತು. ಹೆಂಗಸರಿಗೆ ಇದರಲ್ಲಿ ಹಣದ ಮಾತೂ ಇದೆ. ಅಂತರರಾಜ್ಯ ಬಸ್ಸುಗಳಿಗೆ, ರಾಜಹಂಸದಂಥ ಐಷಾರಾಮಿ ಬಸ್ಸುಗಳಿಗೆ ಶಕ್ತಿ ಯೋಜನೆ ಅನ್ವಯಿಸುವುದಿಲ್ಲ. ಹತ್ತಿ ಕೂತ ಮೇಲೆ ‘ಇದರಾಗ ಫ್ರೀ ಇಲ್ಲಮ್ಮ’ ಎಂದು ಹೇಳಿಸಿಕೊಂಡು ಇಳಿಯುವ ಅವಮಾನ ತಪ್ಪಬೇಕಾದರೆ ಸಾಮಾನ್ಯ, ವೇಗದೂತ, ಅಂತರರಾಜ್ಯ ಎಂಬುದು ಬಾಗಿಲ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಕಾಣಬೇಕು.

ಓದಲು ಬಾರದವರ ಗತಿ? 2011ರ ಜನಗಣತಿಯ ಪ್ರಕಾರ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ 67.43, ಹೆಣ್ಣುಮಕ್ಕಳಲ್ಲಿ ಶೇ 58ರಷ್ಟು. ಅಕ್ಷರ ಬಾರದ ಬಹಳ ಜನರಿಗೆ ನೋಟಿನ ಮೇಲಿನ, ಮೊಬೈಲಿನ ಅಂಕಿ ಗೊತ್ತು. ಬೆಂಗಳೂರಿನ ಸಿಟಿ ಬಸ್ಸಿಗೆ ನಂಬರು ಇರುವಂತೆ ಬಳ್ಳಾರಿಯ ನಗರ ಸಾರಿಗೆಗೆ ಮಾತ್ರವಲ್ಲ, ಸಿರುಗುಪ್ಪ ಮತ್ತು ಕುರುಗೋಡು ದಾರಿಗಳಿಗೂ ಖಾಯಂ ನಂಬರು ಕೊಡುವುದರಿಂದ ಯಾರಿಗೂ ದೊಡ್ಡ ಖರ್ಚಿಲ್ಲ. ಸಿಂಧನೂರಿಗೆ ಹೋಗಲಿ, ಲಿಂಗಸುಗೂರಿಗೆ ಹೋಗಲಿ, ಸಿರುಗುಪ್ಪ ದಾಟುವ ಬಸ್ಸಿಗೆಲ್ಲ ಒಂದೇ ಅಂಕಿಯಿಂದ ಶುರುವಾಗುವ ನಂಬರು ಇರಲಿ.

ಅಕ್ಷರದ ಗಾತ್ರ ಅಭಿರುಚಿಯ ವಿಷಯವಲ್ಲ, ಕಾನೂನಿನ ವಿಷಯ. ಬ್ರಿಟನ್ನಿನ 2000ದ ನಿಯಮಗಳು ಬಸ್ಸಿನ ಮುಂದೆ ಊರಿನ ಹೆಸರು ಕನಿಷ್ಠ 125 ಮಿ.ಮೀ., ನಂಬರು ಕನಿಷ್ಠ 200 ಮಿ.ಮೀ. ಎತ್ತರವಿರಬೇಕೆಂದು ಗೊತ್ತು ಮಾಡಿವೆ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಸಾರಿಗೆ ಎಲ್ಲರಿಗೂ ಎಟುಕಬೇಕೆಂದು ಹೇಳುತ್ತದೆ. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಇಂಥ ಮಾನದಂಡಗಳು ಬರೀ ಮಾರ್ಗಸೂಚಿಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಕೇಂದ್ರಕ್ಕೆ ಸೂಚಿಸಿತು. ಕಡ್ಡಾಯ ನಿಯಮ ಬರೆಯುವಾಗ ಒತ್ತಕ್ಷರವಿರುವ ಲಿಪಿಗಳಿಗೆ ಬೇರೆಯೇ ಅಳತೆ ಬೇಕೆಂದು ಕರ್ನಾಟಕವೇ ಮೊದಲು ದನಿ ಎತ್ತಬೇಕು. ದಿಲ್ಲಿಯಲ್ಲಿ ಕೂತವರಿಗೆ ‘ಪ್ಪ’ದ ಕಷ್ಟ ತಿಳಿಯುವುದಿಲ್ಲ.

3 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ವಿದ್ಯುತ್ ಬಸ್ಸು ಕೊಡುವ ಪಿಎಂ ಇ-ಬಸ್ ಸೇವಾ ಯೋಜನೆಗೆ ಕೇಂದ್ರ 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2011ರಲ್ಲೇ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಯಾವ ಯೋಜನೆಯಲ್ಲೇ ಹೊಸ ಬಸ್ಸು ಬರಲಿ, ಫಲಕ ಅದರ ಜೊತೆಗೇ ಬರುತ್ತದೆ, ಒಮ್ಮೆ ಬಂದರೆ ಹತ್ತು ವರ್ಷ ಅದೇ ಗತಿ. ಆದ್ದರಿಂದ ಇಲ್ಲಿ ಬಸ್ಸು ಓಡಿಸುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಟೆಂಡರ್ ಷರತ್ತಿನಲ್ಲೇ ಕನ್ನಡಕ್ಕೆ ಬೇಕಾದ ಚುಕ್ಕಿಗಳ ಸಾಲು, ನಿಂತ ಅಕ್ಷರ, ಮಾರ್ಗ, ನಂಬರು ಎಲ್ಲವನ್ನೂ ಬರೆಯಲಿ. ಹಣ ಕೊಡುವ ಮುಂಚೆ ಮಾದರಿ ಫಲಕವನ್ನು ಬಳ್ಳಾರಿ ನಿಲ್ದಾಣದಲ್ಲಿ ಒಂದು ಮಧ್ಯಾಹ್ನ, ಒಂದು ರಾತ್ರಿ ಉರಿಸಿ, ಸಿರುಗುಪ್ಪ ಮತ್ತು ಕುರುಗೋಡಿನ ಪ್ರಯಾಣಿಕರಿಂದ, ಕಣ್ಣು ಮಂಜಾದ ಹಿರಿಯರಿಂದ ಓದಿಸಲಿ. ಅವರು ಓದಲಾರದ ಫಲಕವನ್ನು ತಯಾರಕರಿಗೆ ವಾಪಸು ಕಳಿಸಲಿ.