ಮರುವಾಯಿ ಕುದಿಸಿದರೆ ಸಾಲದು

ಕರಾವಳಿಯವರಿಗೆ ಪ್ರಿಯವಾದ ಚಿಪ್ಪುಮೀನು ಮರುವಾಯಿ. ಅದರ ಸುಕ್ಕ ಉಂಡ ಅರ್ಧ ಗಂಟೆಯಲ್ಲಿ ತುಟಿ, ನಾಲಿಗೆ ಜುಮುಗುಟ್ಟತೊಡಗಿದರೆ ಅದನ್ನು ಮೆಣಸಿನ ತಲೆಗೆ ಕಟ್ಟಿ ಸುಮ್ಮನಿರಬಾರದು. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆ ಅಳಿವೆಯ ಮರುವಾಯಿ ತಿಂದು ಹುಡುಗನೊಬ್ಬ ತೀರಿಕೊಂಡ. ಇನ್ನು ಕೆಲವರು ಆಸ್ಪತ್ರೆ ಸೇರಿದರು. ಇಂಥದೇ ವಿಷದಿಂದ 1981ರಲ್ಲಿ ತಮಿಳುನಾಡಿನಲ್ಲಿ ಮೂವರು, 1997ರಲ್ಲಿ ಕೇರಳದ ವಿಳಿಂಜಮ್‌ನಲ್ಲಿ ಏಳು ಮಂದಿ ಸತ್ತರು. ವಿಳಿಂಜಮ್‌ನಲ್ಲಿ ಆಸ್ಪತ್ರೆಗೆ ದಾಖಲಾದವರೇ 500ಕ್ಕೂ ಹೆಚ್ಚು.

ಇದು ಹಳಸಿದ ಮೀನಿನ ತೊಂದರೆಯಲ್ಲ. ಕಡಲಿನ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿಜೀವಿಗಳಿವೆ. ಬಿಸಿಲು, ಪೋಷಕಾಂಶ, ನೀರಿನ ಹರಿವು ಎಲ್ಲವೂ ಕೂಡಿಬಂದಾಗ ಅವು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಅವುಗಳಲ್ಲಿ ಕೆಲವು ಜಾತಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತವೆ. ಮರುವಾಯಿ, ಪಚ್ಚಿಲೆಗಳು ನೀರನ್ನು ಸೋಸಿ ಆಹಾರ ಪಡೆಯುವುದರಿಂದ ಈ ವಿಷ ಅವುಗಳ ಮಾಂಸದಲ್ಲಿ ಶೇಖರವಾಗುತ್ತದೆ. ರುಚಿ, ವಾಸನೆ ಬದಲಾಗದು. ಎಷ್ಟು ಕುದಿಸಿದರೂ ವಿಷ ನಾಶವಾಗದು. ಹುಣಸೆ, ಅರಸಿನ ಯಾವುದೂ ಉಪಯೋಗಕ್ಕೆ ಬಾರದು. ನೀರು ಕೆಂಪಾದರೆ ಮಾತ್ರ ಅಪಾಯವೆಂಬ ನಂಬಿಕೆಯೂ ಸರಿಯಲ್ಲ.

ಈ ವಿಷ ನರಗಳ ಸಂದೇಶವನ್ನು ತಡೆಯುತ್ತದೆ. ಜುಮುಗುಡುವಿಕೆ ಮುಖ, ಬೆರಳುಗಳಿಗೆ ಹರಡಿ, ಕೈಕಾಲು ಸೋತು, ಕೊನೆಗೆ ಉಸಿರಾಟವೇ ನಿಲ್ಲಬಹುದು. ಇದಕ್ಕೆ ಪ್ರತಿವಿಷವಿಲ್ಲ. ಆದರೆ ಕೃತಕ ಉಸಿರಾಟ ಕೊಟ್ಟು ಮೊದಲ ದಿನವನ್ನು ದಾಟಿಸಿದರೆ ರೋಗಿ ಸಾಮಾನ್ಯವಾಗಿ ಪೂರ್ತಿ ಗುಣವಾಗುತ್ತಾನೆ. ತಡಮಾಡದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಒಯ್ಯಿರಿ. ಏನು ತಿಂದದ್ದೆಂದು ತಪ್ಪದೆ ಹೇಳಿರಿ. ವೈದ್ಯರಾದ ನಾವೂ ಅದನ್ನು ಕೇಳಬೇಕು, ಎಷ್ಟೋ ಸಲ ಮರೆಯುತ್ತೇವೆ.

ಹೈದರಾಬಾದಿನಲ್ಲಿರುವ ಕೇಂದ್ರ ಸರಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್, ಉಪಗ್ರಹದ ನೆರವಿನಿಂದ ಕಡಲಪಾಚಿಯ ಹರಡುವಿಕೆಯನ್ನು ಗಮನಿಸುತ್ತದೆ. ಒಳ್ಳೆಯ ಕೆಲಸವೇ. ಆದರೆ ಉಪಗ್ರಹಕ್ಕೆ ನೀರಿನ ಬಣ್ಣ ಕಂಡೀತು, ಮರುವಾಯಿಯೊಳಗಿನ ವಿಷ ಕಾಣದು. ಅದಕ್ಕೆ ಆಯಾ ಅಳಿವೆಯ ಚಿಪ್ಪನ್ನೇ ತಂದು ಪರೀಕ್ಷಿಸಬೇಕು. 100 ಗ್ರಾಂ ಮಾಂಸದಲ್ಲಿ ವಿಷ 80 ಮೈಕ್ರೋಗ್ರಾಂ ಮೀರಿದರೆ ಹೆಕ್ಕುವುದನ್ನು ನಿಲ್ಲಿಸುವುದು ಅನೇಕ ದೇಶಗಳ ಪದ್ಧತಿ.

ಹಾಗೆ ನಿಲ್ಲಿಸಿದರೆ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕಿ ಮಾರುವ ಹೆಂಗಸರ ಗತಿ? ಅಷ್ಟು ದಿನದ ಸಂಪಾದನೆಯನ್ನು ಸರಕಾರ ತುಂಬಿಕೊಡಬೇಕು. ಇಲ್ಲವಾದರೆ ನಾವು ಏನೇ ಹೇಳಿದರೂ, ಮನೆಯಲ್ಲಿ ಬೇರೇನೂ ಇಲ್ಲದ ದಿನ ಅವರು ಅದನ್ನೇ ಬೇಯಿಸುತ್ತಾರೆ, ಮಕ್ಕಳಿಗೂ ಬಡಿಸುತ್ತಾರೆ. ಎಚ್ಚರಿಕೆಯೂ ಖಚಿತವಾಗಿರಲಿ: ಯಾವ ಅಳಿವೆ, ಯಾವ ಚಿಪ್ಪು, ಎಂದಿನವರೆಗೆ. ಬರೇ 'ಮೀನಿನಲ್ಲಿ ವಿಷ' ಎಂಬ ಗುಲ್ಲೆದ್ದರೆ ಬಂಗುಡೆ, ಬೂತಾಯಿ ಮಾರುವವರ ಬುಟ್ಟಿಗೂ ಗಿರಾಕಿ ಸಿಗದು. ಕರುಳು ತೆಗೆದು ತೊಳೆದ ಬಂಗುಡೆಯ ಮಾಂಸದಲ್ಲಿ ಈ ವಿಷ ಸಾಮಾನ್ಯವಾಗಿ ಇರುವುದಿಲ್ಲ.