ಎಲ್‌ಇಡಿ ಉರಿದ್ರೆ ಸಾಕಾ?

ಮಿನಿ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಗಾಳಿಯಂತ್ರದ ಮಾಡೆಲ್ ಒಂದಾದರೂ ಗ್ಯಾರಂಟಿ. ಎದುರಿಗೆ ಟೇಬಲ್ ಫ್ಯಾನ್ ಇಡ್ತೀವಿ, ಎಲ್‌ಇಡಿ ಉರಿಯುತ್ತೆ, ಚಪ್ಪಾಳೆ ಬೀಳುತ್ತೆ. ಅಷ್ಟಕ್ಕೇ ಮಾರ್ಕ್ಸ್ ಕೊಡಬಾರದು ಅನ್ನೋದು ನನ್ನ ವಾದ. ಬ್ಯಾಟರಿ ಚಾರ್ಜ್ ಆಗುತ್ತಾ ಅಂತ ಕೇಳಬೇಕು.

ಗುಜರಿಯಲ್ಲಿ ಸಿಗುವ ಎಲ್ಲ ಮೋಟಾರೂ ಇದಕ್ಕೆ ಆಗಲ್ಲ. ಹಳೇ ಸೀಲಿಂಗ್ ಫ್ಯಾನಿನದು ಇಂಡಕ್ಷನ್ ಮೋಟಾರ್. ಒಳಗೆ ಮ್ಯಾಗ್ನೆಟ್ ಇಲ್ಲ, ಸುಮ್ಮನೆ ತಿರುಗಿಸಿದ್ರೆ ಕರೆಂಟ್ ಬರಲ್ಲ. ಬಿಎಲ್‌ಡಿಸಿ ಫ್ಯಾನಿನ ಮೋಟಾರಲ್ಲಿ ಮ್ಯಾಗ್ನೆಟ್ ಇದೆ. ಆದರೆ ಅದರ ಮೂರು ವೈರಲ್ಲಿ ಬರೋದು ಎಸಿ. ಡಿಸಿ ಮಾಡೋಕೆ ಆರು ಡಯೋಡಿನ ಬ್ರಿಡ್ಜ್ ಬೇಕು.

ಕರೆಂಟ್ ಪ್ರತಿ ಸಲ ಎರಡು ಡಯೋಡ್ ದಾಟಬೇಕು. ಸಿಲಿಕಾನ್ ಆದ್ರೆ ತಲಾ ಸುಮಾರು 0.7 ವೋಲ್ಟ್, ಒಟ್ಟು 1.4 ಹೋಯ್ತು. ನಿಧಾನ ಗಾಳಿಗೆ ಪೀಕ್ 7 ವೋಲ್ಟ್ ಬಂದ್ರೆ ಉಳಿಯೋದು 5.6. ಎಲ್‌ಇಡಿ ಆರಾಮಾಗಿ ಉರಿಯುತ್ತೆ, 6 ವೋಲ್ಟ್ ಬ್ಯಾಟರಿಗೆ ಮಾತ್ರ ಏನೂ ಹೋಗಲ್ಲ. ತಲಾ 0.3 ವೋಲ್ಟ್ ತಿನ್ನುವ ಶಾಟ್ಕಿ ಡಯೋಡ್ ಹಾಕಿದ್ರೆ 6.4 ಉಳಿಯುತ್ತೆ, ಇಳಿದ ಬ್ಯಾಟರಿ ಚಾರ್ಜ್ ಆಗೋಕೆ ಶುರು.

ಗಾಳಿಯ ವೇಗ ಅರ್ಧ ಆದ್ರೆ ಅದರ ಪವರ್ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಒಂದೇ ಸಮ ಬೀಸುವ ಟೇಬಲ್ ಫ್ಯಾನ್ ಎದುರು ಇದು ಗೊತ್ತೇ ಆಗಲ್ಲ.

"ಸೆಕೆಂಡ್ ಇಯರ್‌ಗೆ ಇಷ್ಟೆಲ್ಲ ಯಾಕೆ ಗುರು?" ಅನ್ನಬಹುದು. ಪರೀಕ್ಷೆಯಲ್ಲಿ 'ಐಡಿಯಲ್ ಡಯೋಡ್' ಅಂತ ಬರೆದು ಬಿಟ್ಟುಬಿಡೋ 0.7 ವೋಲ್ಟ್ ಇಲ್ಲಿ ನಿಜವಾಗಿ ಕೈಗೆ ಸಿಗುತ್ತಲ್ಲ, ಅದಕ್ಕೆ. ಈ ಸಲ ಮಾಡೆಲ್‌ಗಳು ಒಂದು ವಾರ ಟೆರೇಸ್ ಮೇಲಿರಲಿ. ಬ್ಯಾಟರಿಗೆ ಹೋಗಿದ್ದು ಸೊನ್ನೆ ಆದ್ರೂ ಪರವಾಗಿಲ್ಲ, ಯಾಕೆ ಸೊನ್ನೆ ಅಂತ ಲೆಕ್ಕ ಕೊಟ್ಟವರಿಗೆ ಮಾರ್ಕ್ಸ್ ಸಿಗಲಿ.