ಸಸೂನ್ ಅಂದ್ರ ಯಾರ್ರೀ?

ಪುಣೆ ಸ್ಟೇಷನ್‌ನಲ್ಲಿ ಇಳಿದು ರಿಕ್ಷಾದವನಿಗೆ ‘ಸಸೂನ್’ ಅಂದರೆ ಸಾಕು, ನೇರವಾಗಿ ಸರ್ಕಾರಿ ಆಸ್ಪತ್ರೆಯ ಗೇಟಿಗೆ ತಂದು ನಿಲ್ಲಿಸುತ್ತಾನೆ. ನಮ್ಮ ಸೊಸೈಟಿಯ ವಾಚ್‌ಮನ್ ಕಾಲು ಮುರಿದುಕೊಂಡು ಅಲ್ಲಿ ಮಲಗಿದ್ದ. ಯಾದಗಿರಿ ಕಡೆಯವನು. ಹೋದ ಭಾನುವಾರ ನೋಡಲು ಹೋದಾಗ, “ಸಾಹೇಬ್ರ, ಸಸೂನ್ ಅಂದ್ರ ಯಾರ್ರೀ? ಇಂಗ್ಲಿಷರವನೇನ್ರಿ?” ಎಂದು ಕೇಳಿದ.

ಅಲ್ಲ, ಬಾಗ್ದಾದಿನ ಯಹೂದಿ ಎಂದೆ. ಡೇವಿಡ್ ಸಸೂನ್ ಹುಟ್ಟಿದ್ದು 1792ರಲ್ಲಿ. ಅಪ್ಪ ಅಲ್ಲಿನ ಪಾಷಾಗಳ ಖಜಾಂಚಿ. ಆದರೆ ದಾವೂದ್ ಪಾಷಾನ ಕಾಲದಲ್ಲಿ ಕಿರುಕುಳ ಹೆಚ್ಚಾಗಿ, ಡೇವಿಡ್ ಊರು ಬಿಟ್ಟು ಪರ್ಷಿಯಾದ ಬುಶೈರ್ ಬಂದರಿಗೆ ಓಡಬೇಕಾಯಿತು. 1830ರ ದಶಕದ ಆರಂಭದಲ್ಲಿ ಸಂಸಾರ ಸಮೇತ ಮುಂಬಯಿಗೆ ಬಂದ. 1853ರಲ್ಲಿ ಬ್ರಿಟಿಷ್ ಪ್ರಜೆಯಾದಾಗಲೂ ಕಾಗದಕ್ಕೆ ಸಹಿ ಹಾಕಿದ್ದು ಹೀಬ್ರೂ ಲಿಪಿಯಲ್ಲಿ.

ಬಂದ ಊರಿಗೆ ಕೈ ಬಿಚ್ಚಿ ಕೊಟ್ಟ. ಮುಂಬಯಿಯ ಕಾಲಾ ಘೋಡಾದ ಡೇವಿಡ್ ಸಸೂನ್ ಲೈಬ್ರರಿಯ ಕಟ್ಟಡಕ್ಕೆ 60,000 ರೂಪಾಯಿ ಕೊಟ್ಟವನು ಅವನೇ. ಪುಣೆಯ ಈ ಆಸ್ಪತ್ರೆ ಅವನ ದಾನದಿಂದ ಎದ್ದು 1867ರಲ್ಲಿ ಮುಗಿಯಿತು. ಕ್ಯಾಂಪಿನಲ್ಲಿ ಜನ ‘ಲಾಲ್ ದೇವಳ್’ ಎನ್ನುವ ಕೆಂಪು ಇಟ್ಟಿಗೆಯ ಯಹೂದಿ ಪ್ರಾರ್ಥನಾ ಮಂದಿರವೂ ಅವನದೇ. ಎರಡೂ ಮುಗಿಯುವುದನ್ನು ಅವನು ನೋಡಲಿಲ್ಲ. 1864ರಲ್ಲಿ ಪುಣೆಯಲ್ಲೇ ತೀರಿಕೊಂಡ. ಗೋರಿ ಇರುವುದೂ ಆ ಮಂದಿರದ ಅಂಗಳದಲ್ಲೇ.

“ಹಂಗಾರ ಅವನೂ ಊರು ಬಿಟ್ಟು ಬಂದಾವ ಅನ್ರಿ, ನಮ್ಮಂಗ,” ಅಂದ. ಮುಖ ಅರಳಿತ್ತು. ನಾನು ಅಲ್ಲಿಗೇ ನಿಲ್ಲಿಸಿದೆ.

ಹೇಳದೆ ಬಿಟ್ಟದ್ದು ಇಷ್ಟು. ಸಸೂನ್ ಹತ್ತಿ, ಬಟ್ಟೆಗಳ ಜೊತೆಗೆ ಅಫೀಮನ್ನೂ ಮಾರುತ್ತಿದ್ದ. ಮಾಳವದ ರೈತರು ಬೆಳೆದ ಅಫೀಮು ಮುಂಬಯಿಯಿಂದ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. ಅದನ್ನು ತಡೆಯಹೊರಟ ಚೀನಾದ ಮೇಲೆ ಬ್ರಿಟಿಷರು 1839ರಲ್ಲಿ ಯುದ್ಧಕ್ಕೇ ಹೋದರು. 1842ರ ಒಪ್ಪಂದದಲ್ಲಿ ಐದು ಬಂದರುಗಳು ತೆರೆದವು. ಸಸೂನ್ ತಡಮಾಡದೆ ಮಗ ಇಲಿಯಾಸ್‌ನನ್ನು ಅಲ್ಲಿಗೆ ಕಳಿಸಿದ. ಈ ವ್ಯಾಪಾರ ಆಗ ಕಾನೂನಿಗೆ ವಿರುದ್ಧವಾಗಿರಲಿಲ್ಲ; ಅಂದರೆ ಬ್ರಿಟಿಷರ ಕಾನೂನಿಗೆ. ಮುಂಬಯಿಯ ಎಷ್ಟೋ ದೊಡ್ಡ ಮನೆತನಗಳು ಇದರಲ್ಲೇ ದುಡ್ಡು ಕಂಡಿದ್ದವು.

ದಾನ ಪಡೆದ ಊರು ಅವನ ಹೆಸರನ್ನು ದಿನಕ್ಕೆ ನೂರು ಸಲ ಹೇಳುತ್ತದೆ. ಚಟ ಹತ್ತಿ ಹಾಳಾದವರ ಊರು ಸಮುದ್ರದಾಚೆ ಇತ್ತು. ಅವರ ನರಳಾಟ ಇಲ್ಲಿಗೆ ಕೇಳಿಸಲಿಲ್ಲ. ಸಸೂನ್‌ನನ್ನು ಬೈಯುವುದು ನನಗೆ ಸುಲಭವಲ್ಲ. ನಾನು ಬರೆಯುವ ಕೋಡ್ ಯಾವ ದೇಶದಲ್ಲಿ ಯಾರ ಕೆಲಸ ಕಳೆಯುತ್ತದೆ ಎಂದು ನಾನೂ ಕೇಳಿದವನಲ್ಲ. ತಿಂಗಳ ಕೊನೆಗೆ ಸಂಬಳ ಬಂತೇ ಎಂದಷ್ಟೇ ನೋಡುತ್ತೇನೆ.

ಹಾಗೆಂದು ಆ ಹಾಸಿಗೆಯನ್ನು ಬೇಡ ಎನ್ನಲಾದೀತೇ? ಖಾಸಗಿ ಆಸ್ಪತ್ರೆಯ ಬಿಲ್ಲು ಕಟ್ಟಲಾರದವನ ಕಾಲು ಅದರ ಮೇಲೆಯೇ ಕೂಡಿಕೊಳ್ಳುತ್ತಿದೆ. ಆದರೆ ದಾನದ ಲೆಕ್ಕ ಹೇಳಿ ಗಳಿಕೆಯ ಲೆಕ್ಕ ಮುಚ್ಚಿಟ್ಟರೆ ಅದು ಅರ್ಧ ಕಥೆ.

ಬರುವ ಭಾನುವಾರ ಮತ್ತೆ ಹೋಗುತ್ತೇನೆ. ಉಳಿದರ್ಧವನ್ನೂ ಅವನಿಗೆ ಹೇಳಬೇಕು.